ಸಿಟ್ಟು ಬಿಸಿಲಿಂದಲಾ, ಗಾಡಿ ನೋಡಿಯಾ?

ಪ್ರಶ್ನೆ (ಆಟೋದವನು, ರಾಯಚೂರು):
ನಿನ್ನೆ ಮಧ್ಯಾಹ್ನ ಸಿಗ್ನಲ್ ಹಸಿರಾಯಿತು, ನನ್ನ ಆಟೋ ಆಫ್ ಆಯಿತು. ಎರಡು ಸೆಕೆಂಡ್ ಆಗಿಲ್ಲ, ಹಿಂದಿನಿಂದ ಹಾರ್ನೋ ಹಾರ್ನು. ಇಳಿದು ಜಗಳಕ್ಕೇ ನಿಂತೆ. ಹಿಂದೆ ಕೂತಿದ್ದ ಅವ್ವ, "ಬಿಡೋ ಯಪ್ಪಾ, ಬಿಸಿಲು ತಲೀಗೇರೈತಿ" ಅಂದಳು. ಆದರೆ ಬೆಳಿಗ್ಗೆ ಅದೇ ಸಿಗ್ನಲ್‌ನಲ್ಲಿ ಬಿಳಿ ಬಣ್ಣದ ದೊಡ್ಡ ಕಾರು ಅಡ್ಡ ನಿಂತಿತ್ತು, ಯಾರೂ ತುಟಿ ಬಿಚ್ಚಲಿಲ್ಲ. ಏನಿದರ ಗುಟ್ಟು?

ಉತ್ತರ (ಮನಶ್ಶಾಸ್ತ್ರ ಓದುವವಳು, ಸಿಂಧನೂರು):
ಅಣ್ಣಾ, ಇದನ್ನೇ 1968ರಲ್ಲಿ ಡೂಬ್ ಮತ್ತು ಗ್ರಾಸ್ ಅನ್ನೋ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿದ್ದಾರೆ. ಹಸಿರು ಬಿದ್ದರೂ ಬೇಕಂತಲೇ ಕಾರು ನಿಲ್ಲಿಸಿಕೊಂಡು, 12 ಸೆಕೆಂಡ್‌ನಲ್ಲಿ ಹಿಂದಿನವರು ಏನು ಮಾಡುತ್ತಾರೆ ಅಂತ ನೋಡಿದರು. ಹಳೇ ಡಕೋಟಾ ಕಾರಿಗೆ ಶೇ. 84 ಜನ ಹಾರ್ನ್ ಹೊಡೆದರು. ಥಳಥಳ ಹೊಳೆಯುವ ದುಬಾರಿ ಕಾರಿಗೆ ಶೇ. 50 ಅಷ್ಟೇ. ಮಜಾ ಏನು ಗೊತ್ತಾ? ಸುಮ್ನೆ ಕಾಗದದ ಮೇಲೆ ಕೇಳಿದಾಗ ಕಾಲೇಜು ಹುಡುಗರು, ದುಬಾರಿ ಕಾರಿಗೇ ಬೇಗ ಹೊಡೆಯುತ್ತೇವೆ ಅಂದಿದ್ದರು!

ಉತ್ತರ (ಹತ್ತಿ ವ್ಯಾಪಾರಿ, ಮಾನ್ವಿ):
ಹುಡುಗರ ಶೌರ್ಯ ಎಲ್ಲ ಕಡೆ ಒಂದೇ ಬಿಡಿ. ಆದರೆ ಬಿಸಿಲು?

ಉತ್ತರ (ಮನಶ್ಶಾಸ್ತ್ರ ಓದುವವಳು):
ಅವ್ವ ಹೇಳಿದ್ದೂ ಸುಳ್ಳಲ್ಲ. ಅಮೆರಿಕದ ಫೀನಿಕ್ಸ್ ನಗರವೂ ನಮ್ಮೂರಿನ ಹಾಗೇ ಕಾದ ಹಂಚು. ಅಲ್ಲಿಯ ಇಂಥದ್ದೇ ಪ್ರಯೋಗ 1986ರಲ್ಲಿ ಪ್ರಕಟವಾಯಿತು. ಬಿಸಿಲು ಏರಿದಷ್ಟೂ ಹಾರ್ನ್ ಜಾಸ್ತಿ. ಅದರಲ್ಲೂ ಕಿಟಕಿ ತೆರೆದಿದ್ದವರದ್ದು, ಅಂದರೆ ಏಸಿ ಇಲ್ಲದವರದ್ದು.

ಪ್ರಶ್ನೆ ಕೇಳಿದವನು:
ನನ್ನ ಆಟೋಗೆ ಕಿಟಕಿಯೇ ಇಲ್ಲವಲ್ಲ ತಂಗೀ!