ಎಂಟು ಕಂಪ್ಯೂಟರ್, 42 ಮಕ್ಕಳು: ಮಿಶ್ರ ಕಲಿಕೆ ನಡೆಸುವುದು ಹೇಗೆ?

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರೌಢಶಾಲೆ. ಹತ್ತನೇ ತರಗತಿಯಲ್ಲಿ 42 ಮಕ್ಕಳು, ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ 8. ಇಂಟರ್ನೆಟ್ ಬಂದರೆ ಬಂತು, ಹೋದರೆ ಹೋಯಿತು. ಓಮ್‌ನ ನಿಯಮವನ್ನು (ವೋಲ್ಟೇಜ್ ಏರಿದ ಪ್ರಮಾಣದಲ್ಲೇ ಪ್ರವಾಹವೂ ಏರುತ್ತದೆ ಎಂಬುದು) ಮಿಶ್ರ ಕಲಿಕೆಯಲ್ಲಿ, ಅಂದರೆ ಸ್ವಲ್ಪ ಕಂಪ್ಯೂಟರಿನಲ್ಲಿ, ಸ್ವಲ್ಪ ಶಿಕ್ಷಕರೆದುರು, ಮಾಡಬೇಕೆಂದಿದ್ದೇನೆ. ವಿಡಿಯೋ ಮನೆಯಲ್ಲೇ ನೋಡಿ ಬನ್ನಿ ಎನ್ನಬಹುದೇ? ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಗಲಾಟೆ ಆಗುವುದಿಲ್ಲವೇ?

ಉತ್ತರ: ಮನೆಯ ವಿಡಿಯೋ ನೆಚ್ಚಬೇಡಿ ಮೇಡಂ. ಎಷ್ಟೋ ಮನೆಗಳಲ್ಲಿ ಇರುವುದೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅರ್ಧ ತರಗತಿ ನೋಡದೆ ಬಂದರೆ ನೀವು ಮತ್ತೆ ಮೊದಲಿನಿಂದ ಹೇಳಬೇಕು, ನೋಡಿ ಬಂದವರು ಆಕಳಿಸುತ್ತಾರೆ.

ಎರಡು ಪೀರಿಯಡ್ ಒಟ್ಟಿಗೆ, ಅಂದರೆ 80 ನಿಮಿಷ, ಕೇಳಿ ಪಡೆಯಿರಿ. 14 ಮಕ್ಕಳ ಮೂರು ಗುಂಪು ಮಾಡಿ. ಒಂದು ಗುಂಪು ಕಂಪ್ಯೂಟರಿನಲ್ಲಿ, ಒಂದು ಪ್ರಯೋಗದ ಮೇಜಿನಲ್ಲಿ, ಒಂದು ನಿಮ್ಮೆದುರು. ಆರಂಭಕ್ಕೆ 5 ನಿಮಿಷ, ಪ್ರತಿ ಜಾಗದಲ್ಲಿ 20, ಎದ್ದು ಬದಲಾಗಲು ಎರಡು ಸಲ 3, ಕಲಿತದ್ದನ್ನು ಬರೆದುಕೊಡುವ ಕೊನೆಯ ಚೀಟಿಗೆ 9. ಕಿರಿಯ ತರಗತಿಗಳ ಚಟುವಟಿಕೆ ಕಲಿಕೆಯಾದ ನಲಿಕಲಿಯಲ್ಲಿ ತಟ್ಟೆ (ಗುಂಪು) ಬದಲಿಸಿ ಕೂತ ಮಕ್ಕಳೂ ನಿಮ್ಮಲ್ಲಿರಬಹುದು. ಅವರಿಗೆ ಇದೇನೂ ಹೊಸದಲ್ಲ.

ಕಂಪ್ಯೂಟರಿಗೆ ಇಬ್ಬರಂತೆ 7 ಸಾಕು, ಅವುಗಳಲ್ಲಿ ಒಂದು ಕೈಕೊಟ್ಟಾಗ ಎಂಟನೆಯದು ಬೇಕಾಗುತ್ತದೆ. ಫೆಟ್ (PhET) ಜಾಲತಾಣದ ಉಚಿತ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೆ ಮಾಡುವ ಪ್ರಯೋಗಗಳನ್ನು, ಮೊದಲೇ ಇಳಿಸಿಕೊಂಡು ಪೆನ್‌ಡ್ರೈವಿನಿಂದ ಎಲ್ಲದಕ್ಕೂ ಹಾಕಿ, ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಹತ್ತನೇ ನಿಮಿಷಕ್ಕೆ ಮೌಸ್ ಕೈ ಬದಲಾಗಲಿ, ಇಲ್ಲವಾದರೆ ಒಬ್ಬನೇ ಆಡಿಸಿ ಇನ್ನೊಬ್ಬ ನೋಡುತ್ತಾನೆ.

ಗಲಾಟೆ ಆಗುವುದು ಕೆಲಸ ಸ್ಪಷ್ಟವಿಲ್ಲದಾಗ. ಪ್ರತಿ ಜೋಡಿಗೂ ಒಂದು ಕಾರ್ಡ್ ಕೊಡಿ. ಮೊದಲ ಎರಡು ಕೆಲಸ ಕಡ್ಡಾಯ: 10 ಓಮ್ ರೋಧಕಕ್ಕೆ ಮೂರು ವೋಲ್ಟೇಜಿನಲ್ಲಿ ಪ್ರವಾಹ ಅಳೆದು ಬರೆಯುವುದು, ವೋಲ್ಟೇಜ್-ಪ್ರವಾಹದ ನಕ್ಷೆ (ಗ್ರಾಫ್) ಎಳೆಯುವುದು. ಮೂರನೆಯದು ಅವರ ಆಯ್ಕೆ: ತಂತಿಯ ಉದ್ದ, ದಪ್ಪ, ಇಲ್ಲವೇ ಸರಣಿ-ಸಮಾಂತರ. ಆಯ್ಕೆ ಇಷ್ಟೇ ಇರಲಿ. ‘ನಿಮಗೆ ಬೇಕಾದ್ದು ಮಾಡಿ’ ಎಂದರೆ ಪರದೆಯ ಬ್ಯಾಟರಿಗೆ ಬೆಂಕಿ ಹಚ್ಚುವುದರಲ್ಲೇ 20 ನಿಮಿಷ ಮುಗಿಯುತ್ತದೆ.

ಕೊನೆಯ ಚೀಟಿಯಲ್ಲಿ ಮೂರೇ ಪ್ರಶ್ನೆ. ಕನಿಷ್ಠ ಎರಡು ಸರಿ ಬಾರದವರು ಮುಂದಿನ ಸಲ ಮೊದಲು ನಿಮ್ಮೆದುರಿಗೆ. ಗುಂಪನ್ನು ಪ್ರತಿ ವಾರ ಚೀಟಿ ನೋಡಿ ಕಟ್ಟಿ. ಒಂದೇ ಗುಂಪು ತಿಂಗಳಿಡೀ ಉಳಿದರೆ ಮಕ್ಕಳೇ ಅದಕ್ಕೆ ‘ದಡ್ಡರ ಗುಂಪು’ ಎಂದು ಹೆಸರಿಡುತ್ತಾರೆ.

ಮರುಪ್ರಶ್ನೆ: ಕಂಪ್ಯೂಟರಿನಲ್ಲಿ ನಕ್ಷೆ ನೇರ ಬರುತ್ತದೆ, ಮೇಜಿನ ಮೇಲೆ ಬರುವುದಿಲ್ಲ. ‘ಕಿಟ್ ಕೆಟ್ಟಿದೆ’ ಅನ್ನುತ್ತಾರೆ.

ಉತ್ತರ: ಕಿಟ್ ಕೆಟ್ಟಿರಲಿಕ್ಕಿಲ್ಲ. ಮಕ್ಕಳು ಸೆಲ್ ಎಣಿಸಿ 1.5, 3, 4.5 ವೋಲ್ಟ್ ಎಂದು ಬರೆದುಕೊಂಡಿರುತ್ತಾರೆ. ಸೆಲ್ಲಿಗೂ ಒಳರೋಧವಿದೆ, ಪ್ರವಾಹ ಹರಿದಾಗ ವೋಲ್ಟೇಜ್ ಇಳಿಯುತ್ತದೆ. ವೋಲ್ಟ್‌ಮೀಟರನ್ನು ರೋಧಕದ ಎರಡು ತುದಿಗೆ ಹಚ್ಚಿ, ಅದು ತೋರಿಸಿದ್ದನ್ನೇ ಬರೆಯಲಿ. ರೋಧಕದ ಬದಲು ಟಾರ್ಚ್ ಬಲ್ಬು ಹಾಕಿದ್ದರೂ ನಕ್ಷೆ ಬಾಗುತ್ತದೆ, ತಂತು ಕಾದಷ್ಟೂ ರೋಧ ಏರುತ್ತದೆ. ಕಂಪ್ಯೂಟರಿನದು, ಮೇಜಿನದು ಎರಡೂ ನಕ್ಷೆ ಪಕ್ಕಪಕ್ಕ ಇಟ್ಟು ‘ಯಾಕೆ ಹೀಗೆ?’ ಎಂದು ಕೇಳಿ. ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ.

ಒಂದು ಎಚ್ಚರ: ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಕಾಲು ವ್ಯಾಟಿನ ರೋಧಕ. 10 ಓಮ್‌ಗೆ 4.5 ವೋಲ್ಟ್ ಕೊಟ್ಟರೆ 0.45 ಆಂಪಿಯರ್, ಅಂದರೆ ಸುಮಾರು 2 ವ್ಯಾಟ್. ಹೊಗೆಯಾಡುತ್ತದೆ, ಮುಟ್ಟಿದ ಬೆರಳು ಸುಡುತ್ತದೆ. 5 ವ್ಯಾಟಿನದ್ದೇ ಕೇಳಿ ತನ್ನಿ. ಅದೂ ಬೆಚ್ಚಗಾಗುತ್ತದೆ, ರೀಡಿಂಗ್ ಬರೆದ ಕೂಡಲೇ ಸ್ವಿಚ್ ಆಫ್ ಮಾಡಲಿ. 14 ಮಕ್ಕಳಿಗೆ ನಾಲ್ಕು ಸೆಟ್ ಸಾಕು. ಅಮ್ಮೀಟರ್ 0–500 ಮಿಲಿಆಂಪಿಯರಿನದು ಸರಿಹೊಂದುತ್ತದೆ.

ಇನ್ನೊಬ್ಬರ ಉತ್ತರ: ವಿಡಿಯೋ, ಕ್ವಿಜ್ ಕೂಡ ಬೇಕಾದರೆ ಎಂಟನೇ ಕಂಪ್ಯೂಟರಿಗೆ ಕೋಲಿಬ್ರಿ (Kolibri) ಎಂಬ ಉಚಿತ ಕಲಿಕಾ ತಂತ್ರಾಂಶ ಹಾಕಿ, ಉಳಿದವಕ್ಕೆ ಪಾಠ ಒದಗಿಸುವ ಸರ್ವರ್ ಮಾಡಿಕೊಳ್ಳಿ. ಪಾಠಗಳನ್ನು ಒಮ್ಮೆ ಇಳಿಸಿದರೆ ಮುಂದೆ ಇಂಟರ್ನೆಟ್ ಬೇಡ. ಎಂಟೂ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಕೇಬಲಿನಲ್ಲಿರಲಿ. ರೂಟರ್ ಇಲ್ಲದಿದ್ದರೆ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಕೈಯಾರೆ ಕೊಡಿ: ಸರ್ವರಿಗೆ 192.168.1.10, ಉಳಿದವಕ್ಕೆ ಕೊನೆಯ ಸಂಖ್ಯೆ ಮಾತ್ರ 11ರಿಂದ 17. ಮಕ್ಕಳು ಬ್ರೌಸರಿನಲ್ಲಿ 192.168.1.10:8080 ಎಂದು ಟೈಪ್ ಮಾಡಬೇಕು. ಸರ್ವರಿನಲ್ಲಿ ತೆರೆದು ಬೇರೆಡೆ ತೆರೆಯದಿದ್ದರೆ ಮೊದಲು ವಿಂಡೋಸ್ ಫೈರ್‌ವಾಲ್ ತಡೆಯುತ್ತಿದೆಯೇ ನೋಡಿ. ಇಬ್ಬರು ಕೂತರೂ ಅಂಕ ದಾಖಲಾಗುವುದು ಲಾಗಿನ್ ಆದವರ ಹೆಸರಿಗೆ ಮಾತ್ರ, ಆದ್ದರಿಂದ ಕ್ವಿಜ್ ಮಾತ್ರ ಒಬ್ಬೊಬ್ಬರಾಗಿಯೇ ಮಾಡಿಸಿ.