ಬೆಂಗ್ರೆಯೋ, ಕೋಡಿಯೋ, ಏರಿಯೋ? ಎರಡೂ ಮಗ್ಗುಲಿಗೆ ಕಡಲಿರುವ ಮರಳಪಟ್ಟಿಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಒಂದು ಮಾತು ಹುಡುಕಿಕೊಡಬೇಕು. ಆಗಸ್ಟ್ ಕೊನೆಗೆ ನಾವು ಐದು ಜನ ಗೆಳೆಯರು ಗ್ರೀಸಿನಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು ಒಂದು ವಾರ ತಿರುಗಿದೆವು. ಅಥೆನ್ಸಿನ ಆಗ್ನೇಯಕ್ಕಿರುವ ಲಾವ್ರಿಯೊ ಬಂದರಿನಿಂದ ಹೊರಟು, ಕೆಯಾ ದ್ವೀಪ ದಾಟಿ, ಕಿಥ್ನೊಸ್ ಮುಟ್ಟಿದೆವು. ಅದನ್ನೇ ಪ್ರವಾಸಕಥನವಾಗಿ ಬರೆಯುತ್ತಿದ್ದೇನೆ. ಹದಿನಾರು ಪುಟ ಸಲೀಸಾಗಿ ಬಂತು. ಕೊಲೊನಾ ಎಂಬ ಜಾಗಕ್ಕೆ ಬಂದು ಬರವಣಿಗೆ ನಿಂತುಬಿಟ್ಟಿದೆ.

ಜಾಗ ಹೇಗಿದೆ ಎಂದು ಮೊದಲು ಹೇಳುತ್ತೇನೆ. ಕಿಥ್ನೊಸಿನ ಪಡುವಣ ಕರೆಯಲ್ಲಿ, ಮೆರಿಖಾಸ್ ಬಂದರಿನಿಂದ ಬಡಗಣಕ್ಕೆ, ದಡಕ್ಕೆ ತೀರ ಹತ್ತಿರದಲ್ಲಿ ಆಯಿಯೊಸ್ ಲೂಕಾಸ್ ಎಂಬ ಬೋಳುಗುಡ್ಡದಂಥ ಪುಟ್ಟ ದ್ವೀಪವಿದೆ. ಮೇಲೊಂದು ಸುಣ್ಣ ಬಳಿದ ಸಣ್ಣ ಇಗರ್ಜಿ. ಆ ಗುಡ್ಡಕ್ಕೂ ಕಿಥ್ನೊಸಿಗೂ ನಡುವೆ ಮರಳಿನದೊಂದು ಪಟ್ಟಿ. ಪಟ್ಟಿಯ ಆಚೆಗೂ ಕಡಲು, ಈಚೆಗೂ ಕಡಲು. ನಡುವೆ ನಿಂತು ಎರಡು ಕಡೆಗೂ ಕಲ್ಲೆಸೆದರೆ ಎರಡೂ ನೀರಿಗೇ ಬೀಳುತ್ತವೆ.

ನಾವು ಹೋದ ದಿನ ಮೆಲ್ತೆಮಿ ಜೋರಾಗಿತ್ತು. ಬೇಸಿಗೆಯುದ್ದಕ್ಕೂ ಏಜಿಯನ್ ಕಡಲಿನ ಮೇಲೆ ಬಡಗಣದಿಂದ ಬೀಸುವ ಒಣಗಾಳಿ ಇದು. ಮೋಡವಿಲ್ಲ, ಮಳೆಯಿಲ್ಲ, ಆಕಾಶ ತೊಳೆದಿಟ್ಟ ಹಾಗೆ, ಆದರೆ ಕಡಲು ಮಾತ್ರ ಕುದಿಯುತ್ತಿರುತ್ತದೆ. ಹಾಗಾಗಿ ಪಟ್ಟಿಯ ತೆಂಕಣ ಮಗ್ಗುಲಿನ ಕೊಲ್ಲಿಗೆ ನುಗ್ಗಿದೆವು. ತಳದಲ್ಲಿ ಕಪ್ಪಗೆ ಕಂಡರೆ ಕಡಲಹುಲ್ಲು, ಅಲ್ಲಿ ಲಂಗರು ಜಾರುತ್ತದೆ. ತಿಳಿಹಸಿರು ಕಂಡಲ್ಲಿ ಬರೀ ಮರಳು, ಅಲ್ಲಿ ಹಾಕಬೇಕು. ಎರಡನೆಯ ಸಲಕ್ಕೆ ಲಂಗರು ಕಚ್ಚಿತು. ಆಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಪಟ್ಟಿ ತಗ್ಗಾಗಿರುವುದರಿಂದ ಗಾಳಿ ಅದರ ಮೇಲಿಂದ ಹಾಯ್ದು ಬಂದು ನಮ್ಮ ಹಗ್ಗಗಳನ್ನೆಲ್ಲ ಸಿಳ್ಳೆ ಹೊಡೆಸುತ್ತಿತ್ತು. ಅಲೆ ಮಾತ್ರ ಒಂದೂ ಬರಲಿಲ್ಲ. ದೋಣಿಯ ಕೆಳಗಿನ ನೀರು ಕಲ್ಯಾಣಿಯ ಹಾಗೆ ನಿಂತಿತ್ತು. ಈಜಿ ದಡ ಹತ್ತಿ ಮರಳ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ, ಆ ಬದಿಯಲ್ಲಿ ನೊರೆ ಕಾರುವ ಅಲೆಗಳು. ಎಡಗಾಲಿಗೆ ಒಂದು ಕಡಲು, ಬಲಗಾಲಿಗೆ ಇನ್ನೊಂದು.

ಈಗ ಮಾತಿನ ವಿಷಯ. ಭೂಗೋಳಶಾಸ್ತ್ರದಲ್ಲಿ ಇದಕ್ಕೆ ಟೊಂಬೊಲೊ ಎನ್ನುತ್ತಾರೆ. ಇಟಾಲಿಯನ್ ಪದ, ದಿಬ್ಬ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ದಡದ ಹತ್ತಿರದ ದ್ವೀಪಕ್ಕೆ ಅಲೆಗಳು ಬಡಿದು, ಎರಡು ಬದಿಯಿಂದಲೂ ಬಾಗಿ ಅದರ ಬೆನ್ನ ಹಿಂದೆ ಕೂಡುತ್ತವೆ. ಕೂಡಿದಲ್ಲಿ ಕಸುವು ಕಳೆದುಕೊಂಡು, ಹೊತ್ತು ತಂದ ಮರಳನ್ನು ಅಲ್ಲೇ ಇಳಿಸುತ್ತವೆ. ಹಾಗೆ ಮರಳು ಬೆಳೆದು ಬೆಳೆದು ದ್ವೀಪವನ್ನು ದಡಕ್ಕೆ ಕಟ್ಟಿಹಾಕುತ್ತದೆ. ನಮ್ಮ ಪಠ್ಯಪುಸ್ತಕದ ‘ಭೂಸಂಧಿ’ ಇಲ್ಲಿಗೆ ಒಗ್ಗುವುದಿಲ್ಲ. ಅದೇ ಗ್ರೀಸಿನ ಕೊರಿಂತ್‌ನಲ್ಲಿ 1893ರಲ್ಲಿ ಕಾಲುವೆ ಕಡಿದು ತೆರೆದರಲ್ಲ, ಆರು ಕಿಲೋಮೀಟರಿಗೂ ಮಿಕ್ಕಿದ ನೆಲ, ಅದು ಭೂಸಂಧಿ. ಬರಿಗಾಲಲ್ಲಿ ಗಳಿಗೆಯಲ್ಲಿ ದಾಟುವ ಮರಳಿಗೆ ಆ ಹೆಸರು ತೀರ ಭಾರ.

ಫೋಟೊ ಕಳಿಸಿದಾಗ ಕುಂದಾಪುರದಲ್ಲಿರುವ ನನ್ನ ಅಮ್ಮ ತಡಮಾಡದೆ ಹೇಳಿದರು: ‘ಇದ್ ನಮ್ ಕೋಡಿ ಕಂಡಂಗೇ ಇತ್ತಲ್ಲ ಮಗಾ.’ ನಮ್ಮ ಊರಿನ ಕೋಡಿ ಗೊತ್ತಿದ್ದವರಿಗೆ ಗೊತ್ತು, ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ಪಕ್ಕ, ಗಂಗೊಳ್ಳಿಯ ಎದುರು ಚಾಚಿಕೊಂಡ ಮರಳನೆಲ. ಕರಾವಳಿಯಲ್ಲಿ ಕೋಡಿ ಎಂದರೆ ತುದಿ. ಆದರೆ ಇದೇ ಮಾತನ್ನು ದೋಣಿಯಲ್ಲಿದ್ದ ತುಮಕೂರಿನ ಗೆಳೆಯನಿಗೆ ಹೇಳಿದರೆ ಅವನಿಗೆ ಅರ್ಥವೇ ಆಗಲಿಲ್ಲ. ‘ನೀರೇ ಹರೀತಿಲ್ಲ, ಕೋಡಿ ಎಲ್ಲಿಂದ ಬಂತು?’ ಎಂದ. ಅವನ ಕೋಡಿ, ಕೆರೆ ತುಂಬಿ ಹೆಚ್ಚಿನ ನೀರು ಹರಿದುಹೋಗುವ ಜಾಗ. ಕೊಲೊನಾದ ಮರಳ ಮೇಲೆ ನಡೆಯುವಾಗ ಅವನ ಬಾಯಿಗೆ ಬಂದ ಮಾತು ‘ಏರಿ’. ‘ಕೆರೆ ಏರಿ ಮೇಲೆ ಹೋದಂಗೇ ಆಗ್ತಿದೆ ಕಣೋ’ ಎಂದ. ಆ ಮಾತು ನನಗೆ ತುಂಬ ಹಿಡಿಸಿತು. ಆದರೆ ಏರಿ ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು, ನೀರು ಒಂದೇ ಕಡೆಗೆ. ಇದನ್ನು ಕಟ್ಟಿದ್ದು ಕಡಲೇ.

ನನ್ನ ಒಲವು ‘ಬೆಂಗ್ರೆ’ಯ ಕಡೆಗಿದೆ. ಮಂಗಳೂರಿನ ಕಸಬಾ ಬೆಂಗ್ರೆ, ಸ್ವರ್ಣಾ ಮತ್ತು ಸೀತಾ ನದಿಗಳ ಅಳಿವೆಯ ಬಳಿಯ ಕೋಡಿ ಬೆಂಗ್ರೆ, ಈ ಹೆಸರುಗಳನ್ನು ಕೇಳಿದೊಡನೆ ಕರಾವಳಿಯವರ ಕಣ್ಣಿಗೆ ಉದ್ದನೆಯ ಮರಳನೆಲ, ತೆಂಗಿನಮರ, ಒಣಹಾಕಿದ ಬಲೆ ಕಟ್ಟುತ್ತವೆ. ಕಡಲೇ ಕಟ್ಟಿದ ನೆಲ ಎಂಬ ಅರ್ಥ ಅದರಲ್ಲಿ ತಾನಾಗಿ ಇದೆ. ತೊಡಕು ಎರಡು. ನಮ್ಮ ಬೆಂಗ್ರೆಗೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಮತ್ತೆ, ಅದರ ಒಂದು ತುದಿ ಅಳಿವೆಯಲ್ಲಿ ಬಿಟ್ಟುಕೊಂಡಿರುತ್ತದೆ. ಕೊಲೊನಾದಲ್ಲಿ ಹೊಳೆಯೇ ಇಲ್ಲ, ಎರಡು ತುದಿಗೂ ಗುಡ್ಡ. ಹೀಗಿರುವಾಗ ‘ಬೆಂಗ್ರೆ’ ಎಂದು ಬರೆದರೆ ಮಲ್ಪೆಯ ಕಡೆಯ ಓದುಗರಿಗೆ ತಪ್ಪು ಚಿತ್ರ ಕೊಟ್ಟಂತಾಗುವುದೇ?

ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿತು. ‘ದ್ವೀಪ’ ಎಂಬ ಪದವೇ ದ್ವಿ ಮತ್ತು ಅಪ್ ಸೇರಿ ಆದದ್ದು. ಅಪ್ ಅಲ್ಲಿ ಈಪವಾಗುವುದಕ್ಕೆ ಪಾಣಿನಿಯ ಸೂತ್ರವೇ ಇದೆ. ಎರಡು ಕಡೆ ನೀರಿರುವುದು ಎಂದು ಅದರ ಮೂಲಾರ್ಥ. ಅಕ್ಷರಶಃ ನೋಡಿದರೆ ಸುತ್ತಲೂ ನೀರಿರುವ ಆಯಿಯೊಸ್ ಲೂಕಾಸಿಗಿಂತ ಈ ಮರಳಪಟ್ಟಿಗೇ ಆ ಹೆಸರು ಹೆಚ್ಚು ಸರಿಹೊಂದುತ್ತದೆ! ಬಳಕೆ ಬೇರೆ ದಾರಿ ಹಿಡಿದಿದೆ, ಈಗ ತಿರುಗಿಸಲಾಗದು.

ಜೊತೆಗೆ ಇನ್ನೊಂದು ಕೊರತೆ. ಗಾಳಿ ಬಂದರೂ ಅಲೆ ಬಾರದ ಆ ತೆಂಕಣ ಮಗ್ಗುಲಿಗೆ ಏನನ್ನಬೇಕು? ಘಟ್ಟದ ಮೂಡಣ ಸೀಮೆಗೆ ‘ಮಳೆ ನೆರಳು’ ಎನ್ನುವುದು ನಮಗೆ ರೂಢಿಯಾಗಿದೆ. ಅದೇ ಜಾಡಿನಲ್ಲಿ ‘ಅಲೆಮರೆ’ ಎಂದು ಬರೆದುಕೊಂಡಿದ್ದೇನೆ. ಗಾಳಿಯೂ ತಾಗದ ಜಾಗ ‘ಗಾಳಿಮರೆ’, ಗಾಳಿ ತಾಗಿದರೂ ನೀರು ಅಲುಗದ ಜಾಗ ‘ಅಲೆಮರೆ’. ದೋಣಿ ನಿಲ್ಲಿಸುವವನಿಗೆ ಈ ವ್ಯತ್ಯಾಸ ರಾತ್ರಿಯ ನಿದ್ದೆಯ ಪ್ರಶ್ನೆ. ನಾನಂತೂ ಆ ರಾತ್ರಿ ಮೂರು ಸಲ ಎದ್ದು ಲಂಗರಿನ ಸರಪಳಿ ಮುಟ್ಟಿ ನೋಡಿದೆ.

ಮೊಗವೀರ, ಖಾರ್ವಿ, ಅಂಬಿಗ ಮನೆತನಗಳವರು ಇಲ್ಲಿದ್ದರೆ ನನ್ನ ಬೇಡಿಕೆ ಮುಖ್ಯವಾಗಿ ನಿಮ್ಮಲ್ಲಿ. ಮಳೆಗಾಲದ ಗಾಳಿಗೆ ದೋಣಿಯನ್ನು ಯಾವುದಾದರೂ ಗುಡ್ಡದ ಹಿಂದೆ ತಂದು ನಿಲ್ಲಿಸುವಾಗ ಮನೆಯ ಹಿರಿಯರು ಆ ಜಾಗಕ್ಕೆ ಏನೆನ್ನುತ್ತಿದ್ದರು? ಕಾರವಾರ, ಅಂಕೋಲೆ ಕಡೆ, ಇಳಿತದಲ್ಲಿ ನಡೆದು ಮುಟ್ಟಬಹುದಾದ ಕಲ್ಲುಗುಡ್ಡಗಳಿಗೂ ದಡಕ್ಕೂ ನಡುವಿನ ಮರಳಿಗೆ ಬೇರೆ ಹೆಸರಿದೆಯೇ? ಹೊಳೆಯ ನಡುವಿನ ನೆಲಕ್ಕೆ ನಮ್ಮ ಕಡೆ ಕುದ್ರು, ಕುಮಟೆ ಕಡೆ ಕುರ್ವೆ ಎಂದು ಎರಡೆರಡು ಮಾತಿರುವಾಗ ಇದಕ್ಕೆ ಒಂದೂ ಇಲ್ಲವೆಂದು ನಂಬಲು ಮನಸ್ಸು ಬರುತ್ತಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ, ಅವರು ಹೇಳಿದ ಉಚ್ಚಾರದಲ್ಲೇ ಬರೆದು ತಿಳಿಸಿ. ಅಲ್ಲಿಯವರೆಗೆ ಹದಿನೇಳನೆಯ ಪುಟದಲ್ಲಿ ‘ಬೆಂಗ್ರೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ.