ಕೇಪೋ ಯಾವ ಫ್ರೆಟ್ಟಿಗೆ ಹಾಕಿದ್ರೆ ಫ್ಲಮೆಂಕೊ ಗಿಟಾರ್ ಹೇಗೆ ಕೇಳತ್ತೆ? – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಸ್ಟೀಲ್ ತಂತಿ ಗಿಟಾರ್ ಬಿಟ್ಟು ಈಗ ಫ್ಲಮೆಂಕೊ ಕಲೀತಿದೀನಿ, ಸೈಪ್ರೆಸ್ ಮರದ ಬ್ಲಾಂಕಾ ಗಿಟಾರ್, ಸ್ಕೇಲ್ (ತಂತಿಯ ಉದ್ದ) 650 ಮಿ.ಮೀ. ಸೊಲೆಯಾ (ಫ್ಲಮೆಂಕೊದ ಒಂದು ಪ್ರಕಾರ) ಕೇಪೋ (ಎಲ್ಲ ತಂತಿಗಳನ್ನ ಒಂದು ಫ್ರೆಟ್ಟಿನ ಹತ್ರ ಒತ್ತಿಹಿಡಿಯೋ ಸಾಧನ) ಇಲ್ದೆ ನುಡಿಸಿದ್ರೆ ದಪ್ಪ ಇ ತಂತಿ ಮಂಕಾಗಿ ಕೇಳತ್ತೆ, ಕೇಪೋ 3ನೇ ಫ್ರೆಟ್ಟಿಗೆ ಹಾಕಿದ್ರೆ ಅದೇ ತಂತಿ ಧಿಮ್ ಅಂತ ಎದ್ದು ಬರತ್ತೆ ಆದ್ರೆ ಬೇಗ ನಿಂತೋಗತ್ತೆ, 5ಕ್ಕೆ ಹೋದ್ರೆ ಪೂರ್ತಿ ತೆಳು. ಗಿಟಾರಲ್ಲೇ ದೋಷ ಇದ್ಯಾ? ಜೊತೆಗೆ ಡಿ, ಜಿ ತಂತಿ ಎರಡೂ ಜಿರ್ ಅನ್ನತ್ತೆ.

ಉತ್ತರ: ದೋಷ ಖಂಡಿತ ಇಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ಕೇಪೋ ಎಲ್ಲೇ ಹಾಕಿ, ಗಿಟಾರಿನ ಪೆಟ್ಟಿಗೆ ಬದಲಾಗಲ್ಲ. ಒಳಗಿರೋ ಗಾಳಿಗೆ ತನ್ನದೇ ಒಂದು ಸ್ವರ ಇರತ್ತೆ, ಸ್ಪ್ಯಾನಿಷ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಎಫ್ ಶಾರ್ಪ್‌ನಿಂದ ಜಿ ಶಾರ್ಪ್ ಒಳಗೆ, ಅಂದ್ರೆ ಸುಮಾರು 92ರಿಂದ 104 ಹರ್ಟ್ಸ್. ಓಪನ್ ಇ ತಂತಿ 82 ಹರ್ಟ್ಸ್, ಅದಕ್ಕಿಂತ ಕೆಳಗೆ, ಹಾಗಾಗಿ ಅದರ ಮೂಲಸ್ವರವನ್ನ ಪೆಟ್ಟಿಗೆ ಅಷ್ಟಾಗಿ ಹೊರಗೆ ಕಳಿಸಲ್ಲ. 3ಕ್ಕೆ ಕೇಪೋ ಹಾಕಿದ ತಕ್ಷಣ ಅದು ಜಿ ಆಗತ್ತೆ, 98 ಹರ್ಟ್ಸ್, ಬಹುಶಃ ಸರಿಯಾಗಿ ನಿಮ್ಮ ಪೆಟ್ಟಿಗೆ ಸ್ವರದ ಮೇಲೇ ಕೂರತ್ತೆ. ಆಗ ತಂತಿಯಲ್ಲಿರೋ ಶಕ್ತಿಯೆಲ್ಲ ಒಂದೇ ಸಲ ಪೆಟ್ಟಿಗೆಗೆ ಹೋಗಿಬಿಡತ್ತೆ, ಅದಕ್ಕೇ ಜೋರು, ಅದಕ್ಕೇ ಬೇಗ ಖಾಲಿ. 5ರಲ್ಲಿ ಅತಿ ಕೆಳಗಿನ ಸ್ವರವೇ 110 ಹರ್ಟ್ಸ್, ಪೆಟ್ಟಿಗೆ ಸ್ವರವನ್ನ ಮುಟ್ಟೋ ಸ್ವರ ನಿಮ್ಮ ಕೈಯಲ್ಲಿ ಒಂದೂ ಉಳಿದಿರಲ್ಲ. ತಂತಿಯ ಉದ್ದವೂ 650ರಿಂದ 487 ಮಿ.ಮೀ.ಗೆ ಇಳಿದಿರತ್ತೆ, ತೆಳು ಅನ್ನಿಸದೆ ಇನ್ನೇನು.

ನಿಮ್ಮ ಗಿಟಾರಿನ ಸ್ವರ ಹಿಡಿಯೋದು ಸುಲಭ. ಎಡಗೈಯಿಂದ ಎಲ್ಲ ತಂತಿ ಒತ್ತಿ ಸುಮ್ಮನಾಗಿಸಿ, ಬಾಯಿ ಸೌಂಡ್‌ಹೋಲ್ ಹತ್ರ ತಂದು ಕೆಳಸ್ಥಾಯಿಯಿಂದ ನಿಧಾನಕ್ಕೆ ಹಮ್ ಮಾಡ್ತಾ ಮೇಲೆ ಬನ್ನಿ. ಒಂದು ಕಡೆ ಪೆಟ್ಟಿಗೆ ಹಿಂಭಾಗ ನಿಮ್ಮ ಹೊಟ್ಟೆಗೆ ತಾಗಿದಲ್ಲಿ ಗುಂಯ್ ಅಂತ ನಡುಗತ್ತೆ, ಆ ಸ್ವರವನ್ನ ಟ್ಯೂನರ್‌ನಲ್ಲಿ ನೋಡಿ. ಅಷ್ಟು ಕೆಳಗೆ ಕಂಠ ಇಳೀದಿದ್ರೆ ಇ ತಂತಿ ಮೇಲೆ ಒಂದೊಂದೇ ಫ್ರೆಟ್ ನುಡಿಸಿ, ಯಾವುದು ಜೋರಾಗಿ ಎದ್ದು ಬೇಗ ಬೀಳತ್ತೋ ಅದೇ.

ಡಿ, ಜಿ ಜಿರ್ ಅನ್ನೋದು ಬೇರೆ ವಿಷಯ, ಅದು ಕೇಪೋದ್ದೇ, ಬಹುಶಃ ಹಳೇ ಸ್ಟೀಲ್ ಗಿಟಾರಿನದನ್ನೇ ಹಾಕ್ತಿದೀರಿ. ಸ್ಟೀಲ್ ತಂತಿ ಗಿಟಾರಿನ ಫ್ರೆಟ್‌ಬೋರ್ಡ್ ಸ್ವಲ್ಪ ಉಬ್ಬಿರತ್ತೆ, ಅದರ ಕೇಪೋ ಬಾಗಿರತ್ತೆ, ಫ್ಲಮೆಂಕೊ ಬೋರ್ಡು ಸಪಾಟು. ಅಂಚಿನ ತಂತಿ ಒತ್ತಿ ನಡುವಿನ ಎರಡು ಸಡಿಲ ಉಳಿಯತ್ತೆ. ಸಪಾಟಾದ ಕೇಪೋ ತಗೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಎಲ್ಲಾದಕ್ಕೂ 3ನೇ ಫ್ರೆಟ್ಟೇ ಬೆಸ್ಟಾ ಸರ್?

ಉತ್ತರ: ಇಲ್ಲ, ಯಾವ ಪಟ್ಟಲ್ಲಿ (ಎಡಗೈಯ ಕಾರ್ಡ್ ಹಿಡಿತದಲ್ಲಿ) ನುಡಿಸ್ತೀರಿ ಅನ್ನೋದರ ಮೇಲೆ ಹೋಗತ್ತೆ. ಸೊಲೆಯಾ ಸಾಮಾನ್ಯವಾಗಿ ಪೋರ್ ಅರ್ರಿಬಾ, ಅಂದ್ರೆ ಇ ಪಟ್ಟು, 12 ಮಾತ್ರೆ ಆವರ್ತದಲ್ಲಿ 10ನೇ ಮಾತ್ರೆಗೆ ಬಂದು ಇ ಮೇಲೆ ಇಳೀತೀರಿ, ಆ ಓಪನ್ ತಂತಿ ಪೆಟ್ಟಿಗೆ ಸ್ವರದ ಮೇಲೆ ಕೂತ್ರೆ ಪ್ರತಿ ಆವರ್ತವೂ ಗಟ್ಟಿಯಾಗಿ ಮುಗಿಯತ್ತೆ, ಅದು ಕೇಳೋಕೆ ಬಹಳ ಚೆಂದ. ಬುಲೆರಿಯಾಸ್, ತಾಂಗೋಸ್ ಅನ್ನೋ ಪ್ರಕಾರಗಳು ಹೆಚ್ಚಾಗಿ ಪೋರ್ ಮೆದಿಯೊ, ಎ ಪಟ್ಟು. ಅಲ್ಲಿ ಆಧಾರ 5ನೇ ತಂತಿ, 3ರಲ್ಲಿ ಅದು ಸಿ, 131 ಹರ್ಟ್ಸ್, ಗಾಳಿಯ ಸ್ವರಕ್ಕಿಂತ ಎಷ್ಟೋ ಮೇಲೆ. ಧಿಮ್ ಕಮ್ಮಿ, ಹರಿತ ಜಾಸ್ತಿ.

ಆದ್ರೆ ಫ್ಲಮೆಂಕೊ ಹುಟ್ಟಿದ ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ ಕೇಪೋ ಎಲ್ಲಿ ಅಂತ ತೀರ್ಮಾನ ಮಾಡೋದು ಗಾಯಕರು. ‘ಆಲ್ ಕ್ವಾತ್ರೊ ಪೋರ್ ಮೆದಿಯೊ’ ಅಂದ್ರೆ 4ನೇ ಫ್ರೆಟ್ಟಲ್ಲಿ ಎ ಪಟ್ಟು, ಮುಗೀತು, ಗಿಟಾರಿನವರು ಅಲ್ಲೇ ಹಾಕಬೇಕು. ಅವರ ಕಂಠ ಚೆನ್ನಾಗಿ ತೆರೆಯೋ ಶ್ರುತಿ ಮುಖ್ಯ, ನಮ್ಮ ಪೆಟ್ಟಿಗೆ ಆಮೇಲೆ. ಒಬ್ಬರೇ ನುಡಿಸುವಾಗ ಮಾತ್ರ ಈ ಹುಡುಕಾಟಕ್ಕೆ ಪೂರ್ತಿ ಜಾಗ.

ಇನ್ನೊಂದು ಪ್ರಶ್ನೆ: ಮರದ ಬಿರಡೆ ಇರೋ ಹಳೇ ಥರದ ಕೇಪೋ ಹಾಕಿದ್ರೆ ಟೋನ್ ಚೆನ್ನಾಗಾಗತ್ತಾ?

ಉತ್ತರ: ಟೋನಿಗೆ ಅಷ್ಟೇನೂ ಅಲ್ಲ. ಯಾವುದೇ ಕೇಪೋ ಹಾಕಿದ್ರೂ ಓಪನ್ ತಂತಿ ಕುತ್ತಿಗೆ ತುದಿಯ ಮೂಳೆಯ ನಟ್ ಬಿಟ್ಟು ಲೋಹದ ಫ್ರೆಟ್ ಮೇಲೆ ನಿಲ್ಲತ್ತೆ, ಸ್ವಲ್ಪ ಹೊಳಪು ಬರೋದು ಅಲ್ಲಿಂದ. ಮರದ್ದರ ಲಾಭ ಅಂದ್ರೆ ಗಾತ್ರ ಚಿಕ್ಕದು, ಎಡಗೈ ತೋರುಬೆರಳಿಗೆ ಅಡ್ಡ ಬರಲ್ಲ, ಬಿರಡೆ ತಿರುಗಿಸಿ ಬೇಕಾದಷ್ಟೇ ಒತ್ತಡ ಕೊಡಬಹುದು. ಸ್ಪ್ರಿಂಗ್ ಕೇಪೋ ಜಾಸ್ತಿ ಒತ್ತಿದ್ರೆ ನೈಲಾನ್ ಜಿ ತಂತಿ ಎಲ್ಲಕ್ಕಿಂತ ಮೊದಲು ಶ್ರುತಿ ಏರತ್ತೆ. ಫ್ರೆಟ್ಟಿನ ಹಿಂದೆ ಒತ್ತಾಗಿ ಕೂರಿಸಿ, ಜಿರ್ ನಿಲ್ಲೋವಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಕೇಪೋ ಹಾಕಿಕೊಂಡೇ ಆರೂ ತಂತಿ ಮತ್ತೆ ಶ್ರುತಿ ಮಾಡಿ, ಜಿ ಇಂದ ಶುರು ಮಾಡಿ.